ಮಾವ ಹೇಳಿಕೊಟ್ಟ ಹುಲ್ಲು

ನಮ್ಮ ಎರಿ ಹೊಲಕ್ಕೆ ಕರಿಕಿ ಹೊಕ್ಕಿತೆಂದರೆ ಆ ಹೊಲ ಕೆಟ್ಟಿತೆಂದೇ ಲೆಕ್ಕ. ಕುಂಟಿ ಹೊಡೆದರೆ ತುಂಡಾಗುತ್ತದೆ, ತುಂಡಾದದ್ದೆಲ್ಲ ಚಿಗುರುತ್ತದೆ. ನಮ್ಮ ಮಾವ ಹದಿನಾರು ವರ್ಷದವರೆಗೆ ದೇವದುರ್ಗ ತಾಲೂಕಿನ ತಮ್ಮ ನಾಲ್ಕೆಕರೆಯಲ್ಲಿ ಆ ಕರಿಕಿಯನ್ನು ಅಗೆದಗೆದು ಎಸೆದವರು. ಆಮೇಲೆ ನಲವತ್ತು ವರ್ಷ ಬೆಂಗಳೂರಿನ ಒಂದು ಗಾಲ್ಫ್ ಕೋರ್ಸ್‌ನಲ್ಲಿ ಅದೇ ಕರಿಕಿಗೆ ಹೊತ್ತು ಹೊತ್ತಿಗೆ ನೀರು, ಗೊಬ್ಬರ, ಮರಳು ಕೊಟ್ಟು ಸಾಕಿದರು. ಹೋದ ಆಷಾಢದಲ್ಲಿ ತೀರಿಕೊಂಡರು.

ಅವರು ಊರು ಬಿಟ್ಟದ್ದು 1972ರ ಬರದಲ್ಲಿ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವುದು ಈಗಲೂ ನಿಂತಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಅತಿ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ನಮ್ಮ ದೇವದುರ್ಗ ಇತ್ತು. ಎರಡು ವರ್ಷ ಕಟ್ಟಡದ ಪಾಯ ಅಗೆದು, 1974ರಲ್ಲಿ ಗಾಲ್ಫ್ ಕೋರ್ಸಿಗೆ ಕಾಲುವೆ ತೋಡಲು ಹೋದವರು ಅಲ್ಲೇ ಮಾಲಿಯಾದರು, ಹೆಡ್ ಮಾಲಿಯಾದರು, 2014ರಲ್ಲಿ ನಿವೃತ್ತರಾದರು. ಹೆಂಡತಿ ಮಕ್ಕಳು ಊರಲ್ಲೇ ಇದ್ದರು. ಮಣ್ಣಿಗೆ ಬಂದವರು "ಭಾಳ ಸಂಸಾರಸ್ಥ ಮನುಷ್ಯ" ಎಂದು ಹೊಗಳಿದಾಗ ನಮ್ಮತ್ತಿ ಅಳುವುದರ ನಡುವೆಯೂ ಒಮ್ಮೆ ತಲೆಯೆತ್ತಿ ಆ ಮಾತಾಡಿದವರ ಕಡೆ ನೋಡಿದರು. ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ಮಾನ್ವಿ ತಾಲೂಕಿನವನು. 1993ರಿಂದ ಹದಿನೇಳು ವರ್ಷ ಅವರ ಕೈಕೆಳಗೆ ಮಾಲಿಯಾಗಿದ್ದೆ; ನಡುವೆ ಅವರ ಎರಡನೆಯ ಮಗಳನ್ನು ಮದುವೆಯಾದೆ. ಈಗ ರಾಯಚೂರಿನಲ್ಲಿ ಶಾಲೆ, ಕಾಲೇಜುಗಳ ಮೈದಾನ, ಕಲ್ಯಾಣ ಮಂಟಪಗಳ ಹುಲ್ಲುಹಾಸು ಗುತ್ತಿಗೆ ಹಿಡಿದು ನೋಡಿಕೊಳ್ಳುತ್ತೇನೆ. ಹುಡುಗರಿಗೆ ಕೆಲಸ ಹೇಳುವಾಗ ಬಾಯಿಗೆ ಬರುವುದು ಮಾವನ ಮಾತೇ. ಅವನ್ನೇ ನಂಬರು ಹಾಕಿ ಬರೆದಿದ್ದೇನೆ. ಕ್ರಮ ನನ್ನದು, ಅವರು ಯಾವುದನ್ನೂ ಪಾಠ ಅಂತ ಹೇಳಿದವರಲ್ಲ, ಬೈಯುವಾಗ ಹೇಳಿದವು.

1. ಮೊದಲು ಬರಿಗಾಲಲ್ಲಿ ನಡೆ

ಮೊದಲ ದಿನ ನಾನು ಹೊಸ ಬೂಟು ಹಾಕಿಕೊಂಡು ಹೋಗಿದ್ದೆ. ಬೆಳಗಿನ ಐದು ಗಂಟೆ. "ತಮ್ಮಾ, ಹೊಲಕ್ಕ ಹೋಗೂವಾಗ ನಿಮ್ಮಪ್ಪ ಬೂಟು ಹಾಕ್ಕೋತಾನೇನು?" ಎಂದರು. ಬೂಟು ಕಳಚಿದೆ. ಗ್ರೀನ್ ಎಂದರೆ ಗಾಲ್ಫ್‌ನಲ್ಲಿ ಕುಳಿ ಇರುವ ಜಾಗ, ಕಂಬಳಿ ಹಾಸಿದ ಹಾಗೆ ಸಣ್ಣಗೆ ಕತ್ತರಿಸಿದ ಹುಲ್ಲು. ಅದರ ಮೇಲೆ ಅವರು ದಿನಾ ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಿದ್ದರು. ಎಲ್ಲಿ ಹುಲ್ಲು ಒರಟಾಗಿದೆ, ಎಲ್ಲಿ ನೆಲ ಒಳಗೊಳಗೇ ಒಣಗಿದೆ, ಎಲ್ಲಿ ನೀರು ನಿಂತು ಮೆತ್ತಗಾಗಿದೆ, ಎಲ್ಲ ಅವರ ಹಿಮ್ಮಡಿಗೆ ಗೊತ್ತಾಗುತ್ತಿತ್ತು. ಈಗ ತೇವ ಅಳೆಯುವ ಮೀಟರ್ ಬಂದಿದೆ, ನನ್ನ ಹತ್ತಿರವೂ ಒಂದಿದೆ. ಕಾಲು ಹೇಳಿದ್ದಕ್ಕೆ ಅದು ಸಹಿ ಹಾಕುತ್ತದೆ, ಅಷ್ಟೇ.

ನಡೆದಾದ ಮೇಲೆ ಉದ್ದನೆಯ ಬಿದಿರು ಗಳದಿಂದ ಇಬ್ಬನಿ ಬಡಿಯಬೇಕು. ಎಲೆಯ ಮೇಲೆ ನೀರು ಹೆಚ್ಚು ಹೊತ್ತು ನಿಂತರೆ ಬೂಷ್ಟು ಹಿಡಿಯುತ್ತದೆ. ಸೂರ್ಯ ಹುಟ್ಟುವ ಮೊದಲು ಹುಲ್ಲಿನ ಮೇಲೆ ಜೇಡನ ಬಲೆಯಂಥ ಬಿಳಿ ಎಳೆ ಕಂಡರೆ ರೋಗ ಬಂತೆಂದು ತಿಳಿಯಬೇಕು. ಬಿಸಿಲು ಬಿದ್ದರೆ ಅದು ಕಾಣುವುದೇ ಇಲ್ಲ. ನಾಣ್ಯದಗಲ ಹುಲ್ಲು ಸುಡುವ ಈ ರೋಗಕ್ಕೆ ಇಂಗ್ಲಿಷಿನವರು ಡಾಲರ್ ಸ್ಪಾಟ್ ಅನ್ನುತ್ತಾರೆ. ಮಾವ "ರೂಪಾಯಿ ರೋಗ" ಅನ್ನುತ್ತಿದ್ದರು. ತಡವಾಗಿ ಎದ್ದ ಮಾಲಿಗೆ ಈ ರೋಗ ಎರಡು ದಿನ ಬಿಟ್ಟು ಕಾಣುತ್ತದೆ, ಅಷ್ಟೊತ್ತಿಗೆ ಸಾಹೇಬರಿಗೂ ಕಂಡಿರುತ್ತದೆ.

2. ಕರಿಕಿಯ ಜೊತೆ ರಾಜಿ, ಜೇಕಿನ ಜೊತೆ ಇಲ್ಲ

ಗಾಲ್ಫ್‌ನವರು ಬರ್ಮುಡಾ ಗ್ರಾಸ್ ಅನ್ನುವುದು ನಮ್ಮ ಕರಿಕಿಯನ್ನೇ, ಗಣಪತಿಗೆ ಏರಿಸುವ ಗರಿಕೆಯನ್ನೇ. ಗ್ರೀನ್‌ಗೆ ಹಾಕುವುದು ಅದರ ಕುಳ್ಳ ತಳಿ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಮೊದಲು ದನದ ಮೇವಿಗೆಂದು ಕರಿಕಿಯ ತಳಿ ತೆಗೆದರು, 1943ರಲ್ಲಿ. ಆಮೇಲೆ ಅಲ್ಲಿಂದಲೇ ಗಾಲ್ಫ್‌ನ ತಳಿಗಳು ಬಂದವು: 1956ರಲ್ಲಿ ಟಿಫ್‌ಗ್ರೀನ್, 1965ರಲ್ಲಿ ಟಿಫ್‌ಡ್ವಾರ್ಫ್. ನಮ್ಮ ಮಾಲಿಗಳು ಟಿಫ್‌ಗ್ರೀನ್‌ಗೆ ಅದರ ನಂಬರು ಹಿಡಿದು "ತ್ರೀ ಟ್ವೆಂಟಿ ಎಯ್ಟ್" ಅನ್ನುತ್ತಾರೆ. ಇವು ಬೀಜ ಕಟ್ಟುವುದಿಲ್ಲ. ಬಳ್ಳಿಯನ್ನು ಗೆಣ್ಣು ಗೆಣ್ಣಾಗಿ ಕತ್ತರಿಸಿ ಹರಡಿ ಮಣ್ಣು ಮುಚ್ಚಬೇಕು.

ಹೊಸದಾಗಿ ಬಂದ ಅಧಿಕಾರಿಯೊಬ್ಬರು ಇದನ್ನು ದೊಡ್ಡ ವಿದ್ಯೆ ಎಂಬಂತೆ ಅರ್ಧ ತಾಸು ವಿವರಿಸಿದರಂತೆ. ಮಾವ ಕೊನೆಗೆ ಹೇಳಿದ್ದು: "ಸಾಹೇಬ್ರ, ಇದನ್ನ ನಮ್ಮೂರಾಗ ಕುಂಟಿ ತಾನ ಮಾಡ್ತದ. ನಾವು ಬ್ಯಾಡಂದ್ರೂ ಮಾಡ್ತದ."

ಹೊಲದಲ್ಲಿ ಇಪ್ಪತ್ತು ತಲೆಮಾರು ಕರಿಕಿಯನ್ನು ಕೊಲ್ಲಲು ಹೆಣಗಿದವರಿಗೆ ಅದು ಯಾವುದಕ್ಕೆ ಸಾಯುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಮಾವನ ವಿದ್ಯೆಯೆಲ್ಲ ಅದೇ. ಅವರು ಗಾಲ್ಫ್ ಕಲಿಯಲಿಲ್ಲ. ತಾವು ಬಲ್ಲ ಒಕ್ಕಲುತನವನ್ನೇ ತಿರುವಿ ಹಾಕಿದರು. ಬಿಸಿಲಿಗೆ ಬಗ್ಗದ್ದು ನೆರಳಿಗೆ ಸೋಲುತ್ತದೆ ಎಂದು ಹೊಲದ ಬೇವಿನ ಗಿಡದ ಬುಡ ನೋಡಿ ಗೊತ್ತಿತ್ತು. ಗ್ರೀನ್ ಪಕ್ಕದ ಮರದ ಕೊಂಬೆ ಕಡಿಸಲು ಅವರು ಯಾವ ಪುಸ್ತಕವನ್ನೂ ಓದಬೇಕಾಗಿರಲಿಲ್ಲ.

ಜೇಕಿನ ಮಾತು ಬೇರೆ. ಜೇಕಿಗೆ ಮಣ್ಣೊಳಗೆ ಜಪಮಣಿ ಪೋಣಿಸಿದಂತೆ ಗಡ್ಡಿಗಳಿರುತ್ತವೆ. ಮೇಲೆ ಹಿಡಿದು ಕಿತ್ತರೆ ಎಲೆ ಕೈಗೆ, ಗಡ್ಡಿ ಮಣ್ಣಿಗೆ. ಮಳೆಯಾದ ಮರುದಿನ ಕುರಪಿಯಿಂದ ಇಡೀ ಸರ ಎಬ್ಬಿಸಿ ಚೀಲಕ್ಕೆ ಹಾಕಬೇಕು. ಬದುವಿಗೆ ಎಸೆದವನು ಮುಂದಿನ ವರ್ಷಕ್ಕೆ ಬಿತ್ತಿದ ಹಾಗೆ.

ಗಣೇಶ ಚೌತಿಯ ಹಿಂದಿನ ದಿನ ಮಾಲಿಗಳೆಲ್ಲ ಮೈದಾನದ ಅಂಚಿನ ಉದ್ದ ಹುಲ್ಲಿನಿಂದ ಹಿಡಿ ಹಿಡಿ ಗರಿಕೆ ಒಯ್ಯುತ್ತಿದ್ದರು. ಗ್ರೀನ್‌ನದನ್ನು ಮುಟ್ಟಿದರೆ ಮಾವ ಸುಮ್ಮನಿರುತ್ತಿರಲಿಲ್ಲ. ಅಷ್ಟು ಗಿಡ್ಡ ಹುಲ್ಲು ದೇವರಿಗೂ ಹಿಡಿಯಲು ಬರುವುದಿಲ್ಲ, ಅದು ಬೇರೆ.

3. ಬ್ಲೇಡು ಹರಿತವಾಗಿದ್ದರೆ ಸಾಲದು, ಕೂಡಬೇಕು

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಬಟ್ಟೆ ಗಿರಣಿಯಲ್ಲಿ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವರು ಉಣ್ಣೆ ಬಟ್ಟೆಯ ಜುಂಗು ಸವರುವ ಯಂತ್ರ ನೋಡಿ ಇದರಲ್ಲಿ ಹುಲ್ಲನ್ನೂ ಸವರಬಹುದಲ್ಲ ಎಂದುಕೊಂಡರು. ಕಂಬಳಿ ನೇಯುವವರ ಓಣಿಯಲ್ಲಿ ಬೆಳೆದ ಮಾವನಿಗೆ ಈ ಕಥೆ ಭಾಳ ಇಷ್ಟ.

ಗ್ರೀನ್ ಮೇಲೆ ಓಡಿಸುವ ಯಂತ್ರದಲ್ಲಿ ಉರುಳೆಗೆ ಸುತ್ತಿದ ಬ್ಲೇಡುಗಳು ತಿರುಗುತ್ತವೆ, ಕೆಳಗೆ ಒಂದು ಪಟ್ಟಿ ಬ್ಲೇಡು ಸ್ಥಿರವಾಗಿರುತ್ತದೆ. ಎರಡೂ ಕತ್ತರಿಯ ಬಾಯಿಯಂತೆ ಕೂಡಬೇಕು. ಬಿಗಿ ಹೆಚ್ಚಾದರೆ ಬ್ಲೇಡು ಸವೆಯುತ್ತದೆ, ಸಡಿಲಾದರೆ ಹುಲ್ಲು ಕತ್ತರಿಸದೆ ಜಗಿದು ಹರಿಯುತ್ತದೆ. ಮಧ್ಯಾಹ್ನದೊಳಗೆ ತುದಿಯೆಲ್ಲ ಬೆಳ್ಳಗಾಗುತ್ತದೆ. ಪರೀಕ್ಷೆ ಸುಲಭ. ಒಂದು ತೆಳು ಕಾಗದ ಮಧ್ಯೆ ಹಿಡಿದು ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಈ ತುದಿಯಿಂದ ಆ ತುದಿಯವರೆಗೆ ಕಾಗದ ಕಚಕ್ಕೆಂದು ಕತ್ತರಿಸಿದರೆ ಸರಿ. ಮಡಚಿಕೊಂಡು ಹೊರಬಂದರೆ ನಟ್ಟು ತಿರುವಿ ಮತ್ತೆ ಕೂಡಿಸಬೇಕು.

ಕಾಗದಕ್ಕೆ ಮಾವ ಷೆಡ್ಡಿನ ಗೋಡೆಯ ಕ್ಯಾಲೆಂಡರ್ ಬಳಸುತ್ತಿದ್ದರು, ದಿನಕ್ಕೊಂದು ಚೀಟಿ ಹರಿಯುವಂಥದು. ಬೆಳಗ್ಗೆ ಬಂದ ಕೂಡಲೇ ನಿನ್ನೆಯ ದಿನವನ್ನು ಹರಿಯುವುದು, ಬ್ಲೇಡಿಗೆ ಕೊಡುವುದು. ಅವರು ರಜೆಯಲ್ಲಿದ್ದಾಗ ನಾವು ಹಳೇ ಪೇಪರ್ ಬಳಸುತ್ತಿದ್ದೆವು. ಆ ಕ್ಯಾಲೆಂಡರ್ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

4. ಮೂರರಲ್ಲಿ ಒಂದು ಪಾಲು

ಒಮ್ಮೆಗೆ ಹುಲ್ಲಿನ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡ. ಮಳೆಗಾಲದಲ್ಲಿ ವಾರ ಬಿಟ್ಟು, ಆಮೇಲೆ ಒಂದೇ ಸಲಕ್ಕೆ ಬೋಳಿಸಿ ಒಂದು ಶಾಲೆಯ ಮೈದಾನವನ್ನು ಹದಿನೈದು ದಿನ ಹಳದಿ ಮಾಡಿದವನು ನಾನು. ಮಾವ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಕುರಿ ಉಣ್ಣಿ ಕತ್ತರಸ್ತೀವಿ, ಚರ್ಮ ಸುಲೀತೀವೇನು?"

5. ನೀರನ್ನು ಕೊನೆಯವನು ಬಲ್ಲ

ನಾನು ಮಾನ್ವಿಯವನು ಎಂದಾಗ ಮಾವ ಮೊದಲು ಕೇಳಿದ್ದು ಕಾಲುವೆಯ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಕಡೆ ಬರುತ್ತದೆ, ಹೆಸರಿಗೆ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಮೇಲಿನವರು ಭತ್ತ ಹಚ್ಚುತ್ತಾರೆ. ಮಾನ್ವಿ, ರಾಯಚೂರು ತಾಲೂಕಿನ ಕೊನೆ ಭಾಗದವರು ಗೇಜಿನ ಕಡೆ ನೋಡುತ್ತಾ ಕೂಡುತ್ತಾರೆ. ನಮ್ಮಪ್ಪ ರಾತ್ರಿಯೆಲ್ಲ ಲಾಟೀನು ಹಿಡಿದು ನೀರು ಕಾಯುತ್ತಿದ್ದ. ಬಂದ ನೀರು ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲದ್ದರಿಂದ ಬೇರಿಗೆ ಇಳಿಯುವ ಹಾಗೆ ಹರಿಸುವುದು ನಮಗೆ ಹುಟ್ಟಾ ಬಂದದ್ದು.

"ಕೊನೀ ಭಾಗದಾವ ಅಂದ್ರ ನೀರಿನ ಕೆಲಸ ನಿಂದ," ಎಂದು ಅವತ್ತೇ ಪೈಪು ನನ್ನ ಕೈಗೆ ಕೊಟ್ಟರು.

ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಕೂತುಬಿಡುತ್ತದೆ, ಒಂದು ದಿನ ಪಂಪು ಕೆಟ್ಟರೆ ಒಣಗುತ್ತದೆ. ಎರಡು ಮೂರು ದಿನಕ್ಕೊಮ್ಮೆ, ಬೆಳಗಿನ ಜಾವ, ಆಳಕ್ಕೆ ಕೊಡಬೇಕು. ಬೇರು ನೀರನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ. ಇದಕ್ಕೊಂದು ಅಪವಾದ ಉಂಟು. ಬೇಸಿಗೆಯ ಮಧ್ಯಾಹ್ನ ಗ್ರೀನ್ ಬಾಡಿ ನೀಲಿಗಟ್ಟಿದಾಗ ಎರಡು ನಿಮಿಷ ಮಂಜಿನಂತೆ ನೀರು ಹಾರಿಸಬೇಕು. ಅದು ಕುಡಿಯಲು ಕೊಡುವ ನೀರಲ್ಲ, ಜ್ವರದವನ ಹಣೆಗೆ ಹಾಕುವ ಒದ್ದೆ ಬಟ್ಟೆ.

ನೀಲಿಗಟ್ಟುವುದನ್ನು ಕಾಣುವ ಕಣ್ಣು ಬರಲು ನನಗೆ ನಾಲ್ಕು ಬೇಸಿಗೆ ಬೇಕಾಯಿತು. ಹುಲ್ಲಿನ ಮೇಲೆ ಹೆಜ್ಜೆ ಇಟ್ಟು ಹಿಂದೆ ನೋಡು. ಎಲೆ ಮತ್ತೆ ಏಳದೆ ಹೆಜ್ಜೆ ಹಾಗೇ ಉಳಿದಿದ್ದರೆ ಬಾಯಾರಿದೆ.

ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗದ ಕಡೆ ಬಂದ ಮೇಲೆ ಊರಲ್ಲಿ ಹಲವರು ಭತ್ತಕ್ಕೆ ಇಳಿದರು. ಮಾವ ತಮ್ಮ ಹೊಲದಲ್ಲಿ ತೊಗರಿ, ಜೋಳ ಬಿಡಲಿಲ್ಲ. ಬೆಂಗಳೂರಲ್ಲಿ ಆಟದ ಹುಲ್ಲಿಗೆ ಇಷ್ಟೊಂದು ನೀರು ಸುರಿಸುತ್ತಾ ಊರಲ್ಲಿ ಹನಿ ಹನಿ ಲೆಕ್ಕ ಹಾಕುವುದು ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಉತ್ತರ ಬರಲಿಲ್ಲ. ಈಗ ಬೆಂಗಳೂರಿನ ಕೆಲವು ಕೋರ್ಸ್‌ಗಳು ಶುದ್ಧ ಮಾಡಿದ ಕೊಳಚೆ ನೀರು ಬಳಸುತ್ತವೆ ಎಂದಾಗ ಮಾತ್ರ "ಛಲೋ ಆತು" ಎಂದರು, ಬಹಳ ದಿನದಿಂದ ಕಾಯುತ್ತಿದ್ದವರ ಹಾಗೆ.

6. ಹಳೇ ಕುಳಿ ಗೊತ್ತಾಗಬಾರದು

ಗಾಲ್ಫ್ ಕುಳಿಯ ಅಗಲ ಜಗತ್ತಿನಲ್ಲೆಲ್ಲ ಒಂದೇ, ನಾಲ್ಕೂಕಾಲು ಇಂಚು. ಆದರೆ ಕುಳಿ ಒಂದೇ ಜಾಗದಲ್ಲಿ ಇರುವುದಿಲ್ಲ. ಎಲ್ಲರೂ ಅದರ ಸುತ್ತಲೇ ತುಳಿಯುವುದರಿಂದ ಹುಲ್ಲು ಸಾಯುತ್ತದೆ. ಅದಕ್ಕೆ ದಿನಾ ಜಾಗ ಬದಲಿಸಬೇಕು. ಕಟರ್ ಎಂಬ ಕೊಳವೆಯನ್ನು ನೆಟ್ಟಗೆ ಒತ್ತಿ ತಿರುಗಿಸಿದರೆ ಹುಲ್ಲಿನ ಸಮೇತ ಮಣ್ಣಿನ ಗಟ್ಟಿ ಎದ್ದು ಬರುತ್ತದೆ. ಹೊಸ ಕುಳಿಯಿಂದ ಬಂದ ಗಟ್ಟಿಯಿಂದ ಹಳೇ ಕುಳಿ ಮುಚ್ಚಬೇಕು.

ಕಷ್ಟ ಇರುವುದು ಮುಚ್ಚುವುದರಲ್ಲಿ. ಒಂದು ಕೂದಲೆಳೆ ಎತ್ತರವಾದರೆ ನಾಳೆ ಯಂತ್ರ ಅದರ ತಲೆ ಬೋಳಿಸುತ್ತದೆ. ತಗ್ಗಾದರೆ ಚೆಂಡು ಎಡವುತ್ತದೆ. ಗ್ರೀನ್ ಹುಲ್ಲಿನ ಎತ್ತರವೇ ಮೂರು ನಾಲ್ಕು ಮಿಲಿಮೀಟರ್, ಅದರಲ್ಲಿ ತಪ್ಪಲು ಜಾಗವೇ ಇಲ್ಲ. ಮಾವ ಗಟ್ಟಿ ಕೂಡಿಸಿ, ಅಂಗೈಯಿಂದ ಒತ್ತಿ, ಬಾಯಿಂದಲೇ ಊದಿ ಮಣ್ಣಿನ ಕಣ ಹಾರಿಸಿ, ಒಂದು ಚೆಂಬು ನೀರು ಹನಿಸಿ, ಕೆನ್ನೆ ನೆಲಕ್ಕೆ ತಾಗಿಸಿ ನೋಡುತ್ತಿದ್ದರು. ಮೂರು ನಾಲ್ಕು ದಿನಕ್ಕೆ ಹೊಲಿಗೆ ಕಾಣುತ್ತಿರಲಿಲ್ಲ. ಒಮ್ಮೆ ನಾನು ಶಹಭಾಸ್‌ಗಿರಿಗಾಗಿ ಕಾದೆ. "ನಿನ್ನ ಕುಳಿ ನನಗ ಗೊತ್ತಾಗಲಿಲ್ಲ" ಎಂದು ಹೇಳಿ ಮುಂದಿನ ಗ್ರೀನ್‌ಗೆ ನಡೆದರು. ಹದಿನೇಳು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅಷ್ಟೇ.

7. ಮರಳು

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಓಲ್ಡ್ ಟಾಮ್ ಮಾರಿಸ್ ಎಂಬೊಬ್ಬ ಮಾಲಿ ಇದ್ದ. ಮಾಲಿ ಅಷ್ಟೇ ಅಲ್ಲ, ಬ್ರಿಟಿಷ್ ಓಪನ್ ಅನ್ನು ನಾಲ್ಕು ಸಲ ಗೆದ್ದವನು. ಗ್ರೀನ್ ಮೇಲೆ ಆಕಸ್ಮಿಕವಾಗಿ ಮರಳಿನ ಗಾಡಿ ಚೆಲ್ಲಿತಂತೆ, ಅಲ್ಲಿ ಹುಲ್ಲು ದಟ್ಟವಾಗಿ ಬಂದದ್ದು ನೋಡಿ ಅವನು ಎಲ್ಲ ಕಡೆ ಮರಳು ಹಾಕತೊಡಗಿದನಂತೆ. ಇವತ್ತಿಗೂ ಅದೇ ಪದ್ಧತಿ. ಸಣ್ಣ ಮರಳನ್ನು ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿ ಗೋಣಿಚೀಲ ಎಳೆಯುವುದು. ತಗ್ಗು ತುಂಬುತ್ತದೆ, ನೀರು ಇಳಿಯುತ್ತದೆ, ಹೊಸ ಬೇರಿಗೆ ಜಾಗವಾಗುತ್ತದೆ. ಒಮ್ಮೆಗೇ ದಪ್ಪ ಹಾಕಿದರೆ ಹುಲ್ಲು ಉಸಿರುಗಟ್ಟುತ್ತದೆ. ನಮ್ಮ ಹೊಲಕ್ಕೆ ಕೆರೆ ಮಣ್ಣು ಹಾಕುವುದೂ ಇಂಥದೇ, ಮಣ್ಣು ಬೇರೆ.

ಈ ಕಥೆ ಹೇಳಿದವರು ಸೇನೆಯಿಂದ ನಿವೃತ್ತರಾದ ಒಬ್ಬ ಹಿರಿಯ ಸದಸ್ಯರು. ಅವರು ಇನ್ನೊಂದನ್ನೂ ಹೇಳಿದರು. ಟಾಮನ ಮಗ ಯಂಗ್ ಟಾಮ್ ಅಪ್ಪನಿಗಿಂತ ದೊಡ್ಡ ಆಟಗಾರ. 1875ರ ಸೆಪ್ಟೆಂಬರಿನಲ್ಲಿ ಅಪ್ಪ ಮಗ ಬೇರೆ ಊರಲ್ಲಿ ಆಡುತ್ತಿದ್ದಾಗ ತಂತಿ ಬಂತು. ಇವರು ಮನೆ ಮುಟ್ಟುವಷ್ಟರಲ್ಲಿ ಹೆರಿಗೆಯಲ್ಲಿ ಸೊಸೆ ಹೋಗಿದ್ದಳು, ಕೂಸೂ ಹೋಗಿತ್ತು. ಅದೇ ವರ್ಷ ಕ್ರಿಸ್‌ಮಸ್ ದಿನ ಮಗನೂ ತೀರಿಕೊಂಡ, ಇಪ್ಪತ್ನಾಲ್ಕು ವರ್ಷದವನು.

ಮಾವ ಕೈಯಲ್ಲಿದ್ದ ಗೋಣಿಚೀಲ ಕೆಳಗಿಟ್ಟು ಕೇಳಿದರು. "ಮಗ ಹೋದ ಮ್ಯಾಲ ಎಷ್ಟು ವರ್ಷ ಕೆಲಸ ಮಾಡಿದ್ನರಿ ಅಂವ?"

"1903ರ ತನಕ. ಇಪ್ಪತ್ತೆಂಟು ವರ್ಷ."

ಮಾವನಿಗೂ ಒಬ್ಬ ಮಗ ಇದ್ದ, ನನ್ನ ಹೆಂಡತಿಗಿಂತ ದೊಡ್ಡವನು. ಎರಡು ವರ್ಷದವನಿದ್ದಾಗ ಜ್ವರ ಬಂದು ಹೋದ. ತಂತಿ ಬೆಂಗಳೂರು ಮುಟ್ಟಿ, ಇವರು ರೈಲು ಹತ್ತಿ ರಾಯಚೂರಿಗೆ ಇಳಿದು, ಬಸ್ಸಿಗೆ ಊರು ಸೇರಿದಾಗ ಮಣ್ಣಾಗಿ ಒಂದೂವರೆ ದಿನವಾಗಿತ್ತು. ಇದನ್ನು ನನಗೆ ಹೇಳಿದ್ದು ನನ್ನ ಹೆಂಡತಿ. ಮಾವ ಒಮ್ಮೆಯೂ ಎತ್ತಲಿಲ್ಲ. ಅವತ್ತು ಆ ಸಾಹೇಬರು ಹೋದ ಮೇಲೆ ಉಳಿದ ಆರು ಗ್ರೀನ್‌ಗೂ ತಾವೊಬ್ಬರೇ ಮರಳು ಎಳೆದರು, ನಮ್ಮನ್ನು ಬಳಿಗೆ ಬಿಡಲಿಲ್ಲ.

8. ಸೋಮವಾರ

ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ಗೆ ಭಾನುವಾರ ರಜೆ, ನಮ್ಮಲ್ಲಿ ಸೋಮವಾರ. ಆಟಗಾರರಿಗೆ ರಜೆ, ಮಾಲಿಗಳಿಗೆ ಅವತ್ತೇ ಹೆಚ್ಚು ಕೆಲಸ: ನೆಲಕ್ಕೆ ತೂತು ಹೊಡೆಯುವುದು, ಗೊಬ್ಬರ, ಔಷಧಿ. ತೂತು ಹೊಡೆದ ಗ್ರೀನ್ ಸಿಡುಬು ಎದ್ದವರ ಮುಖದ ಹಾಗೆ ಕಾಣುತ್ತದೆ, ಸದಸ್ಯರು ಗೊಣಗುತ್ತಾರೆ. ಗೊಣಗಲಿ. ಗಾಳಿ ಹೋಗದ ಬೇರು ಕೊಳೆಯುತ್ತದೆ.

ಸಂಜೆ ಮಾವ ಮೀಸೆ ತಿದ್ದಿಕೊಂಡು ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದರು. ಊರಿನ ಕಿರಾಣಿ ಅಂಗಡಿಗೆ ಫೋನು. ಅತ್ತಿಯನ್ನು ಕರೆಸುವಷ್ಟರಲ್ಲಿ ಮೀಟರ್ ಓಡುತ್ತದೆಂದು ಮೊದಲು ಇಟ್ಟು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುವುದು. ಮಾತು ಎರಡು ನಿಮಿಷ, ಅದರಲ್ಲೂ ಅರ್ಧ ಎತ್ತಿನ ವಿಷಯ.

9. ಫೋಟೋದಲ್ಲಿ ಅಪ್ಪ ಎಲ್ಲಿ?

2008ರ ಫೆಬ್ರವರಿಯಲ್ಲಿ ದೆಹಲಿಯ ಇಂಡಿಯನ್ ಮಾಸ್ಟರ್ಸ್ ಅನ್ನು ಎಸ್.ಎಸ್.ಪಿ. ಚೌರಾಸಿಯಾ ಗೆದ್ದರು. ಆಮೇಲೆ 2016, 2017ರಲ್ಲಿ ಇಂಡಿಯನ್ ಓಪನ್ ಕೂಡ ಅವರದೇ. ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಗ್ರೀನ್ ನೋಡಿಕೊಳ್ಳುವ ಮಾಲಿ. 1829ರ ಕ್ಲಬ್ ಅದು, ಬ್ರಿಟನ್ನಿನ ಹೊರಗೆ ಎಲ್ಲಕ್ಕಿಂತ ಹಳೆಯದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಮಾಲಿಯ ಮಗ ಗೆದ್ದ ಎಂದು ಷೆಡ್ಡಿನಲ್ಲಿ ನಮಗೆಲ್ಲ ಹಬ್ಬ. ನಾನು ಪೇಪರು ಓದಿ ಹೇಳಿದೆ. ಮಾವ ಫೋಟೋವನ್ನು ಬಹಳ ಹೊತ್ತು ನೋಡಿ, "ಇದರಾಗ ಅವರಪ್ಪ ಎಲ್ಲದಾನ?" ಎಂದು ಕೇಳಿದರು.

ಇರಲಿಲ್ಲ.

ತಮ್ಮ ಮಕ್ಕಳನ್ನು ಅವರು ಒಮ್ಮೆಯೂ ಕೋರ್ಸಿಗೆ ಕರೆತರಲಿಲ್ಲ. ಇನ್ನೊಬ್ಬ ಮಗ ಕ್ಯಾಡಿಯಾಗುತ್ತೇನೆ ಎಂದಾಗ ಮುಂದಿನ ಬಸ್ಸಿಗೇ ಊರಿಗೆ ಅಟ್ಟಿದರು. ಅವನು ಈಗ ಮಾನ್ವಿ ಕಡೆ ಮೇಷ್ಟ್ರು. ಇದು ಸರಿಯೆಂದು ನಾನು ಹೇಳಲಾರೆ. ಕೈಯಲ್ಲಿದ್ದ ವಿದ್ಯೆಗೆ ಬೆಲೆಯಿಲ್ಲವೆಂದು ಅವರೇ ತೀರ್ಮಾನಿಸಿದ ಹಾಗಾಯಿತು. ನನಗೆ ಮಾತ್ರ ಕಲಿಸಿದರು. ಅಳಿಯನಾದ ಮೇಲೆ ಮನೆಯಲ್ಲಿ "ಅಳ್ಯಾರ, ಬರ್ರಿ, ಕೂಡ್ರಿ" ಎಂದು ಬಹುವಚನ, ಗ್ರೀನ್ ಮೇಲೆ ಕಟರ್ ಓರೆ ಹಿಡಿದರೆ ಮತ್ತೆ "ತಮ್ಮಾ, ಕಣ್ಣು ಎಲ್ಲಿಟ್ಟಿ?"

10. ಎರಿ ಮಣ್ಣಿಗೆ ಬೆಂಗಳೂರಿನ ಹುಲ್ಲು ಹೊದಿಸಬೇಡ

ರಾಯಚೂರಿನಲ್ಲಿ ನಾನು ಹಿಡಿದ ಮೊದಲ ದೊಡ್ಡ ಗುತ್ತಿಗೆ ಒಂದು ಕಲ್ಯಾಣ ಮಂಟಪದ ಹುಲ್ಲುಹಾಸು. ಮದುವೆ ಸೀಜನ್ ಹತ್ತಿರ, ಮಾಲೀಕರಿಗೆ ಅವಸರ, ನನಗೆ ದುಡ್ಡಿನ ಅವಸರ. ಚಾಪೆಯಂತೆ ಸುತ್ತಿ ಬರುವ ಹುಲ್ಲು ತರಿಸಿ ಎರಿ ಮಣ್ಣಿನ ಮೇಲೆ ನೇರವಾಗಿ ಹಾಸಿಬಿಟ್ಟೆ. ಒಂದು ತಿಂಗಳು ಚಂದ ಕಂಡಿತು. ಏಪ್ರಿಲಿನ ಬಿಸಿಲಿಗೆ ನೆಲ ಬಿರಿಯಿತು, ಕೈ ಇಳಿಯುವಷ್ಟು. ಚಾಪೆ ಚಾಪೆ ಬೇರೆಯಾದವು. ಮೃಗಶಿರಾ ಮಳೆಗೆ ಅದೇ ನೆಲ ಉಬ್ಬಿ, ನೀರು ಕುಡಿದು, ಬಿಡಲೊಲ್ಲದೆ ಹುಲ್ಲು ಕೊಳೆತು ನಾರಿತು. ಕೊನೆಯ ಕಂತಿನ ದುಡ್ಡು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ನಿವೃತ್ತರಾದ ಮರುವರ್ಷ ಮಾವ ನೋಡಲು ಬಂದರು. ಧೋತರ ಮೇಲೆ ಕಟ್ಟಿ, ಒಂದು ಮೊಳ ಗುಂಡಿ ತೋಡಿಸಿ, ಒಂದು ಕೊಡ ನೀರು ಸುರಿದು, ಪಕ್ಕದಲ್ಲೇ ಒಗ್ಗಾಣಿ ಮಿರ್ಚಿ ತರಿಸಿಕೊಂಡು ತಿನ್ನುತ್ತಾ ಕೂತರು. ಒಂದು ತಾಸಾದರೂ ನೀರು ಅಲ್ಲೇ ಇತ್ತು. "ನೀ ಹುಲ್ಲು ಹಾಕೂ ಮೊದಲ ಇದನ್ನ ಯಾಕ ಮಾಡಲಿಲ್ಲ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅವರ ಕೈಲಿದ್ದ ಮಿರ್ಚಿಯನ್ನೇ ನೋಡುತ್ತಾ ನಿಂತೆ.

ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಗ್ರೀನ್ ಕಟ್ಟುವ ಕ್ರಮವೊಂದನ್ನು ಗೊತ್ತುಮಾಡಿತು: ಕೆಳಗೆ ಹತ್ತು ಸೆಂಟಿಮೀಟರ್ ಜಲ್ಲಿ, ಮೇಲೆ ಮೂವತ್ತು ಸೆಂಟಿಮೀಟರ್ ಮರಳು ಮಿಶ್ರಣ, ಅಡಿಯಲ್ಲಿ ಮೀನಿನ ಮುಳ್ಳಿನಾಕಾರದ ಕೊಳವೆ. ಕಲ್ಯಾಣ ಮಂಟಪಕ್ಕೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ಮಾವ ಬೇರೆ ದಾರಿ ತೋರಿಸಿದರು. ನಡುವೆ ಎತ್ತರ ಮಾಡಿ ನಾಲ್ಕೂ ಕಡೆ ಇಳಿಜಾರು ಕೊಡು. ಎರಡೆರಡು ಮಾರಿಗೆ ಒಂದು ಗಟಾರು ತೋಡಿ ಜಲ್ಲಿ ತುಂಬು. ಮೇಲೆ ನಾಲ್ಕು ಇಂಚು ಮರಳು, ಸಗಣಿ ಗೊಬ್ಬರ. ಹುಲ್ಲನ್ನು ದೂರದಿಂದ ತರಿಸಬೇಡ, ಇಲ್ಲಿಯದೇ ಕರಿಕಿ ಹಚ್ಚು.

ಕರಿಕಿ ತರಲು ದೇವದುರ್ಗದ ಒಬ್ಬ ರೈತರ ಹೊಲಕ್ಕೆ ಹೋದೆವು. ನಿಮ್ಮ ಹೊಲದ ಕರಿಕಿ ಕಿತ್ತುಕೊಳ್ಳುತ್ತೇವೆ, ಎಷ್ಟು ಕೊಡಬೇಕು ಎಂದು ಕೇಳಿದೆ. ಅವರು ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು, ಇಬ್ಬರಿಗೂ ತಲೆ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಚಹಾ ತರಿಸಿದರು. ಸಂಜೆಯವರೆಗೆ ಕಿತ್ತೆವು. ಹೊರಡುವಾಗ ಇನ್ನೊಂದು ಹೊಲವೂ ಇದೆ, ನಾಳೆ ಬರ್ರಿ ಎಂದರು.

ಅದೇ ಎರಿ ಮಣ್ಣು ಕ್ರಿಕೆಟ್ ಪಿಚ್‌ಗೆ ಬಂಗಾರ. ಜೇಡಿ ಹೆಚ್ಚಿರುವುದರಿಂದ ಹದವಾಗಿ ನೀರು ಕುಡಿಸಿ ರೋಲರ್ ಎಳೆದರೆ ಗಚ್ಚಿನಂತೆ ಗಟ್ಟಿಯಾಗುತ್ತದೆ. ರೋಲರ್ ಭಾರ ಎಂದು ಹುಡುಗರು ಗೊಣಗಿದಾಗ ರಾಯಚೂರು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಗೋಡೆಯಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಮಾವ ಅದನ್ನು ನೋಡಿದಾಗ ಕೋಣಗಳ ಜೋಡಿ ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿದರು. "ಮೇವು ಯಾರು ಹಾಕಿದ್ರು, ಅದನ್ನ ಬರೀಲಿಲ್ಲೇನು?" ಎಂದರು.

11. ಚೀಟಿ

ಹನ್ನೊಂದನೆಯದಕ್ಕೆ ಏನು ಹೆಸರಿಡಬೇಕೋ ಗೊತ್ತಾಗಲಿಲ್ಲ.

ಮೊದಮೊದಲು ಮಾವನದು ದಿನಗೂಲಿ. ಊರಿಗೆ ಹೋದ ದಿನಗಳಿಗೆ ಸಂಬಳ ಕಟ್. ಹಾಜರಿ ಬರೆಯುವವರು ಎರಡು ದಿನ ಹೆಚ್ಚಿಗೆ ಕಳೆದರೆ ತೋರಿಸಲು ಆಧಾರ ಬೇಕಲ್ಲ. ಮಾವನಿಗೆ ಅಂಕಿ ಓದಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಊರಿಂದ ಮರಳಿದ ಕೂಡಲೇ, ತಾವಿಲ್ಲದ ದಿನಗಳ ಚೀಟಿಗಳನ್ನು ಕ್ಯಾಲೆಂಡರಿನಿಂದ ಹರಿದು, ಬ್ಲೇಡಿಗೆ ಕೊಡದೆ ಕಿಸೆಗೆ ಇಡುತ್ತಿದ್ದರು. ಕೆಲಸ ಕಾಯಂ ಆದ ಮೇಲೂ ಆ ರೂಢಿ ಹೋಗಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಂಗಿ ತೊಳೆಯಲು ತೆಗೆದುಕೊಂಡ ಅತ್ತಿಯ ಕೈಗೆ ಅವು ಸಿಗುತ್ತಿದ್ದವು.

ಅತ್ತಿ ಅವನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ತಿಂಗಳ ಕಾರ್ಯ ಮುಗಿದ ಮೇಲೆ ಡಬ್ಬಿ ತಂದು ಚಾಪೆಯ ಮೇಲೆ ಸುರಿದರು. "ಸಂಸಾರಸ್ಥ ಮನುಷ್ಯ ಅಂದ್ರಲ್ಲ ಅವತ್ತು. ಎಣಸ್ರಿ." ನಾವು ಎಣಿಸಿದೆವು. ನಲವತ್ತು ವರ್ಷಕ್ಕೆ ಐನೂರ ಮೂವತ್ತೆರಡು ಚೀಟಿ. ಜಗಳವಾದಾಗಲೆಲ್ಲ ಅತ್ತಿ ಇದೇ ಡಬ್ಬಿಯನ್ನು ಅಲ್ಲಾಡಿಸಿ ತೋರಿಸುತ್ತಿದ್ದರಂತೆ, ಮಾವ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರಂತೆ. ನಿವೃತ್ತರಾಗಿ ಬಂದ ಮೇಲೆ ಅತ್ತಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದರು.

ಎಣಿಸಿ ಮುಗಿದ ಮೇಲೆ ಮತ್ತೆ ತುಂಬಲು ಹೋದೆ. "ನಿಮ್ಮ ಮಿಷಿನ್ನಿಗೆ ಬೇಕಾದ್ರ ಒಯ್ರಿ. ಕಾಗದ ತೆಳ್ಳಗ ಅದಾವ," ಎಂದರು ಅತ್ತಿ. ನಾಲ್ಕು ತೆಗೆದುಕೊಂಡೆ.

ಮರುದಿನ ರಾಯಚೂರಿಗೆ ಬಂದು ಷೆಡ್ಡು ತೆಗೆದೆ. ಹದಿನೈದು ದಿನದಿಂದ ಯಂತ್ರ ಹುಡುಗರ ಕೈಯಲ್ಲಿತ್ತು. ಒಂದು ಚೀಟಿಯನ್ನು ಬ್ಲೇಡಿನ ನಡುವೆ ಹಿಡಿದು ಉರುಳೆ ತಿರುಗಿಸಿದೆ. ಕತ್ತರಿಸಲಿಲ್ಲ, ಮಡಚಿಕೊಂಡು ಹೊರಬಂತು. ಸ್ಪಾನರ್ ತಗೊಂಡು ನೆಲದ ಮೇಲೆ ಕೂತೆ, ನಟ್ಟು ಮತ್ತೆ ತಿರುವಿದೆ.